ಶಾಲೆಯ ಹೊಸ್ತಿಲಲ್ಲೇ ಸೋಂಕಿಗೆ ತಡೆ

ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಾಗ ಜನ ಅಂಜಿದರು. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾರೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ.

ಎರಡು ಶತಮಾನಗಳ ಬಳಿಕ ಧೈರ್ಯ ಹೇಳುವ ಹೊಣೆ ಶಾಲೆಗೆ ಬಂದಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಮೊದಲು ಶಾಲೆಗಳಲ್ಲೇ ನಡೆಯಿತು. ಮೊಬೈಲಿನಲ್ಲಿ ಹರಡಿದ ಸುಳ್ಳು ಸುದ್ದಿಯಿಂದ ಹಿಂಜರಿದ ಪೋಷಕರಿಗೆ ಶಿಕ್ಷಕರೇ ಉತ್ತರ ಹೇಳಬೇಕಾಯಿತು.

ದಡಾರ ಗಾಳಿಯಲ್ಲಿ ಹರಡುತ್ತದೆ. ನೂರರಲ್ಲಿ ಸುಮಾರು 95 ಮಂದಿಗೆ ರಕ್ಷಣೆಯಿದ್ದರೆ ಮಾತ್ರ ತಡೆಯಬಹುದು. ಹುಣಸೂರು ತಾಲ್ಲೂಕಿನ ಬಿಳಿಕೆರೆಯಂಥ ಊರಿನ ಶಾಲೆಗೆ ಸುತ್ತಲ ಹಳ್ಳಿಗಳ ಮಕ್ಕಳೂ ಬರುತ್ತಾರೆ. ಒಬ್ಬರ ಸೋಂಕು ಅವರೊಡನೆ ಹಲವು ಮನೆಗಳನ್ನು ಮುಟ್ಟಬಹುದು. ಸರಿಯಾದ ತಿಳಿವಳಿಕೆಯೂ ಅದೇ ದಾರಿಯಲ್ಲಿ ಮುಟ್ಟಬಲ್ಲುದು.