ನ್ಯೂಟನ್: ಬಟ್ಟೆ ಒಗೆದು ಬೆಳೆದ ಊರು



ಈ ದೇಶಕ್ಕೆ ಬಂದ ಹೊಸದರಲ್ಲಿ ವಾರವಿಡೀ ಕ್ವಾರ್ಟರ್ ನಾಣ್ಯ ಕೂಡಿಟ್ಟು, ಶನಿವಾರ ಬೆಳಿಗ್ಗೆ ಬಟ್ಟೆಯ ಗಂಟು ಹೊತ್ತು ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಗೆ ಇಳಿದವರು ನಾವೆಲ್ಲ. ಅಲ್ಲಿನ ಯಂತ್ರದ ಮೇಲೆ 'ಮೇಟ್ಯಾಗ್' ಎಂಬ ಹೆಸರು ಓದಿದ್ದು ಹಲವರಿಗೆ ನೆನಪಿದ್ದೀತು. ಅದರ ತವರು ಅಯೋವಾದ ನ್ಯೂಟನ್. ಡಿ ಮಾಯ್ನ್‌ನಿಂದ ಐ-80 ಹಿಡಿದು ಪೂರ್ವಕ್ಕೆ ಅರ್ಧ ಗಂಟೆ ದಾಟುತ್ತಲೇ ಸಿಗುವ ಊರು, ಜ್ಯಾಸ್ಪರ್ ಕೌಂಟಿಯ ಮುಖ್ಯ ಪಟ್ಟಣ. ನಡುವೆ ಕೋರ್ಟ್ ಕಟ್ಟಡ, ಸುತ್ತ ಅಂಗಡಿಸಾಲು, ಊರು ಮುಗಿದರೆ ಮುಸುಕಿನ ಜೋಳದ ಹೊಲ.

ಎಫ್. ಎಲ್. ಮೇಟ್ಯಾಗ್ 1893ರಲ್ಲಿ ಪಾಲುದಾರರೊಡನೆ ಶುರುಮಾಡಿದ್ದು ಬಟ್ಟೆಯ ಕೆಲಸವನ್ನಲ್ಲ. ಸಿವುಡಿನ ಕಟ್ಟು ಕತ್ತರಿಸಿ ಒಕ್ಕಣೆ ಯಂತ್ರದ ಬಾಯಿಗೆ ತಾನೇ ಉಣಿಸುವ ಸಲಕರಣೆ ಅವರದು. ಸುಗ್ಗಿ ಮುಗಿದರೆ ಗಿರಾಕಿಯಿಲ್ಲ. ಆ ಖಾಲಿ ತಿಂಗಳು ತುಂಬಲೆಂದು 1907ರಲ್ಲಿ ಮರದ ತೊಟ್ಟಿಯ ಬಟ್ಟೆ ಒಗೆಯುವ ಯಂತ್ರ ಮಾಡಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಬೆಂಚಿನ ಮೇಲೆ ಕೂತಾಗ ಹಿಡಿದ ಕೆಲಸ! ಕರೆಂಟಿಲ್ಲದ ಹಳ್ಳಿಮನೆಗಳಿಗೆ ಪೆಟ್ರೋಲ್ ಎಂಜಿನ್ ಜೋಡಿಸಿದ ಮಾದರಿಯೂ ಬಂತು. 1922ರಲ್ಲಿ ಹೊವರ್ಡ್ ಸ್ನೈಡರ್ ಎಂಬ ತಂತ್ರಜ್ಞನ ಕೈಚಳಕದಿಂದ, ನೀರನ್ನು ಕಲಕುವ ರೆಕ್ಕೆಗಳು ಅಲ್ಯೂಮಿನಿಯಂ ತೊಟ್ಟಿಯ ತಳಕ್ಕೆ ಇಳಿದವು. ಅದುವರೆಗೆ ಬಟ್ಟೆಯನ್ನು ನೀರಿನಲ್ಲಿ ಎಳೆದಾಡಿಸುತ್ತಿದ್ದರು. ಈಗ ನೀರೇ ಬಟ್ಟೆಯೊಳಗೆ ಹಾಯತೊಡಗಿತು. ಒಕ್ಕಣೆಯ ಸಲಕರಣೆಯನ್ನು ಆಮೇಲೆ ಯಾರು ಕೇಳಬೇಕು!

ಇಂಥ ಊರಿನ ಕಥೆಯನ್ನು ದಣಿಯ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ನಮಗೆ ಹೆಚ್ಚು ಕಾಡಿದ್ದು 1938. ಕಂಪನಿ ಶೇಕಡಾ 10ರಷ್ಟು ಕೂಲಿ ಕಡಿತ ಹೇರಿತು. ಮೇ ತಿಂಗಳಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಜುಲೈನಲ್ಲಿ ರಾಜ್ಯಪಾಲರು ನ್ಯಾಷನಲ್ ಗಾರ್ಡ್ ಪಡೆಯನ್ನೇ ಕಳಿಸಿದರು. ಕೋರ್ಟ್ ಚೌಕದ ಪುಟ್ಟ ಊರಿನಲ್ಲಿ ಬಂದೂಕು ಹಿಡಿದ ಸೈನಿಕರು! ಆಗಸ್ಟಿನಲ್ಲಿ ಕಾರ್ಮಿಕರು ಕಡಿಮೆ ಕೂಲಿಗೇ ಒಳಗೆ ಹೋದರು. ಸಂಘ ಮಾತ್ರ ಸಾಯಲಿಲ್ಲ. ಮುಂದಿನ ದಶಕಗಳಲ್ಲಿ ಅಪ್ಪ, ಮಗ, ಸೊಸೆ ಅಂತ ಒಂದೇ ಗೇಟಿನಲ್ಲಿ ಕೆಲಸಕ್ಕೆ ಹೋದ ಮನೆಗಳು ಇಲ್ಲಿ ಬೇಕಾದಷ್ಟು.

1967ರಿಂದ ಟಿವಿಯಲ್ಲಿ ಬರುತ್ತಿದ್ದ ಅವರ ಜಾಹೀರಾತು ಪ್ರಸಿದ್ಧ: ಮೇಟ್ಯಾಗ್ ಕೆಡುವುದೇ ಇಲ್ಲ, ಹಾಗಾಗಿ ರಿಪೇರಿಯವನಿಗೆ ಕೆಲಸವಿಲ್ಲ, ಪಾಪ, ಒಂಟಿ. ಕೊನೆಗೆ ಕೆಲಸವಿಲ್ಲದಂತಾದದ್ದು ಯಂತ್ರ ಮಾಡಿದವರಿಗೆ. 2004ರಲ್ಲಿ ಕಂಪನಿ ಇಲಿನಾಯ್‌ನ ಗೇಲ್ಸ್‌ಬರ್ಗ್ ಕಾರ್ಖಾನೆ ಮುಚ್ಚಿ ಕೆಲಸವನ್ನು ಮೆಕ್ಸಿಕೋಗೆ ಒಯ್ದಾಗಲೇ ನ್ಯೂಟನ್ನಿನವರ ಎದೆ ಹೊಡೆದುಕೊಂಡಿರಬೇಕು. 2006ರಲ್ಲಿ ವರ್ಲ್‌ಪೂಲ್ ಕಂಪನಿ ಮೇಟ್ಯಾಗನ್ನು ಕೊಂಡಿತು. 2007ರ ಅಕ್ಟೋಬರಿನಲ್ಲಿ ನ್ಯೂಟನ್ನಿನ ಕಾರ್ಖಾನೆ ನಿಂತಿತು. ಹೆಸರು ಉಳಿಯಿತು, ಯಂತ್ರಗಳು ಒಹಾಯೋದಿಂದ ಬಂದವು.

ಊರು ಕೈಕಟ್ಟಿ ಕೂರಲಿಲ್ಲ. 2008ರಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಬಂತು, 2021ರ ಕೊನೆಗೆ ಅಲ್ಲೂ ಕೆಲಸ ನಿಂತಿತು. 1941ರಲ್ಲಿ ಮೇಟ್ಯಾಗ್ ಮನೆತನದವರೇ ಶುರುಮಾಡಿದ ನೀಲಿ ಚೀಸ್ ಮಾತ್ರ ವರ್ಲ್‌ಪೂಲಿನ ವ್ಯಾಪಾರದಿಂದ ಹೊರಗುಳಿಯಿತು.

ಕೋರ್ಟ್ ಚೌಕದ ಬೆಂಚಿನಲ್ಲಿ ಕೂತಾಗ ವಯಸ್ಸಾದವರೊಬ್ಬರು, "ಯಾವ ಕೆಲಸ?" ಅಂತ ಕೇಳಿದರು. "ಸಾಫ್ಟ್‌ವೇರ್" ಅಂದೆವು. ನಮ್ಮ ಮೊದಲ ಪ್ರಾಜೆಕ್ಟು ಬೆಂಗಳೂರಿಗೆ ಬಂದದ್ದು ಇಂಥದೇ ಯಾವುದೋ ಊರಿನ ಯಾರದೋ ಮೇಜಿನಿಂದ. ಅದನ್ನು ಅವರಿಗೆ ಹೇಳಲಿಲ್ಲ. ಚೀಸ್ ಎಲ್ಲಿ ಸಿಗುತ್ತದೆ ಅಂತ ಕೇಳಿ ಎದ್ದೆವು.