ಜೆರುಸಲೇಮಿನ ಸಭೆ ತೋರಿದ ದಾರಿ



ಜೂನ್ 29ರಂದು ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬವನ್ನು ನಾವು ಒಟ್ಟಿಗೇ ಆಚರಿಸುತ್ತೇವೆ. ಆದರೆ ಇವರಿಬ್ಬರದು ಯಾವಾಗಲೂ ಒಂದೇ ಮಾತಾಗಿರಲಿಲ್ಲ. ಅಂತಿಯೋಕ್ಯದಲ್ಲಿ ಪೌಲರು ಪೇತ್ರರನ್ನು ಎಲ್ಲರೆದುರೇ ಆಕ್ಷೇಪಿಸಿದ್ದುಂಟು. ಆದಿ ಧರ್ಮಸಭೆಯಲ್ಲೂ ಭಿನ್ನಾಭಿಪ್ರಾಯಗಳಿದ್ದವು. ಅವರು ಅವನ್ನು ಬಗೆಹರಿಸಿಕೊಂಡ ರೀತಿ ನಮಗೆ ಪಾಠ.

ಕ್ರಿ.ಶ. 49ರ ಸುಮಾರಿನ ಮಾತು. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ಅನೇಕರು ಯೇಸುವನ್ನು ವಿಶ್ವಾಸಿಸಿದ್ದರು. ಜುದೇಯದಿಂದ ಬಂದ ಕೆಲವರು, ಸುನ್ನತಿಯಾಗದಿದ್ದರೆ ಇವರಿಗೆ ಜೀವೋದ್ಧಾರವಿಲ್ಲವೆಂದು ಬೋಧಿಸತೊಡಗಿದರು. ಪೌಲ, ಬಾರ್ನಬರು ಇದನ್ನು ಬಲವಾಗಿ ವಿರೋಧಿಸಿದರು. ಹೊಸಬರು ಮನೆಯ ಮಕ್ಕಳೋ, ಹೊರಗಿನವರೋ ಎಂಬುದೇ ಪ್ರಶ್ನೆಯಾಗಿತ್ತು. ಅಂತಿಯೋಕ್ಯದವರು ಮುನಿಸಿಕೊಂಡು ಬೇರೆಯಾಗಲಿಲ್ಲ. ಪೌಲ, ಬಾರ್ನಬ ಮತ್ತಿತರರನ್ನು ಜೆರುಸಲೇಮಿನ ಪ್ರೇಷಿತರ ಹಾಗೂ ಹಿರಿಯರ ಬಳಿಗೆ ಕಳುಹಿಸಿದರು.

ಅಲ್ಲಿ ದೀರ್ಘ ಚರ್ಚೆಯಾಯಿತು. ದೇವರು ಅನ್ಯಜನರಿಗೂ ಪವಿತ್ರಾತ್ಮರನ್ನು ದಯಪಾಲಿಸಿದ್ದನ್ನು ಪೇತ್ರರು ನೆನಪಿಸಿದರು. ಬಳಿಕ ಇಡೀ ಸಭೆ ಮೌನವಾಗಿ ಪೌಲ, ಬಾರ್ನಬರ ಅನುಭವವನ್ನು ಕೇಳಿತು. ಕೊನೆಗೆ ಯಕೋಬರು ಪ್ರವಾದಿಗಳ ಮಾತನ್ನು ಆಧರಿಸಿ ತೀರ್ಮಾನ ಸೂಚಿಸಿದರು: ಸುನ್ನತಿಯ ಹೊರೆ ಬೇಡ, ವಿಗ್ರಹಕ್ಕೆ ಅರ್ಪಿಸಿದ್ದನ್ನು, ರಕ್ತವನ್ನು, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸವನ್ನು, ಅನೈತಿಕತೆಯನ್ನು ತೊರೆದರೆ ಸಾಕು. ಇದನ್ನು ಪತ್ರದಲ್ಲಿ ಬರೆದದ್ದಲ್ಲದೆ, ಬಾಯಿಮಾತಿನಲ್ಲೂ ತಿಳಿಸಲು ಯೂದ ಮತ್ತು ಸೀಲರನ್ನು ಕಳುಹಿಸಲಾಯಿತು. ಅಂತಿಯೋಕ್ಯದ ಜನರು ಕೇಳಿ ಸಂತೋಷಪಟ್ಟರು.

ಹಾಗೆಂದು ಮನಸ್ತಾಪಗಳು ಅಲ್ಲಿಗೇ ಮುಗಿಯಲಿಲ್ಲ. ಮಾರ್ಕನನ್ನು ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ಪೌಲ, ಬಾರ್ನಬರೇ ಜಗಳವಾಡಿ ಅಗಲಿದರು. ಆದರೂ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅದೇ ಮಾರ್ಕ ಸೇವೆಗೆ ಬೇಕಾದವನು ಎಂಬ ಮಾತಿದೆ. ವಿಶ್ವಾಸಿಗಳ ನಡುವೆ ಒಡಕು ಕೊನೆಯ ಮಾತಲ್ಲ.

ನಮ್ಮ ದಾಂಡೇಲಿಯನ್ನೇ ನೋಡೋಣ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ನಾನಾ ಊರು, ನಾನಾ ಭಾಷೆಯ ಕುಟುಂಬಗಳನ್ನು ಇಲ್ಲಿಗೆ ತಂದಿತು. ಹಳಿಯಾಳ, ಮುಂಡಗೋಡ ಸೀಮೆಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಕಥೋಲಿಕರಿದ್ದಾರೆ. ಹೀಗಿರುವಾಗ ಹಬ್ಬದ ಬಲಿಪೂಜೆ ಯಾವ ಭಾಷೆಯಲ್ಲಿ, ಗಾಯನ ಯಾರದು, ಮುಂದಾಳತ್ವ ಯಾರದು ಎಂಬ ಮಾತು ಎಲ್ಲಿಯೂ ಏಳಬಹುದು. ಆಗ ದೇವಾಲಯದ ಹೊರಗೆ ಗುಂಪುಗಟ್ಟಿ ಗೊಣಗದೆ, ಗುರುಗಳ ಮತ್ತು ಅನುಭವಿ ಹಿರಿಯರ ಮುಂದೆ ವಿಷಯವನ್ನಿಡೋಣ. ನಮ್ಮ ಮಾತನ್ನು ಹೇಳಿದಷ್ಟೇ ಶ್ರದ್ಧೆಯಿಂದ ಇನ್ನೊಬ್ಬರ ಮಾತನ್ನೂ ಕೇಳೋಣ. ನಮ್ಮ ತೀರ್ಮಾನದಿಂದ ಕಡೆಯ ಸಾಲಿನಲ್ಲಿ ಕುಳಿತವರ ಹೊರೆ ಇಳಿಯಿತೇ ಎಂದು ಕೇಳಿಕೊಳ್ಳೋಣ. ಜೆರುಸಲೇಮಿನಲ್ಲಿ ಇಳಿದದ್ದು ಹೊಸಬರ ಹೊರೆಯೇ.

ಪೇತ್ರ, ಪೌಲರು ನಮಗಾಗಿ ಪ್ರಾರ್ಥಿಸಲಿ.