ಬಿತ್ತಿದವರೊಬ್ಬರು, ಕೊಯ್ದವರೊಬ್ಬರು



ಪುನರುತ್ಥಾನರಾದ ಪ್ರಭು ಯೇಸು ಶಿಷ್ಯರಿಗೆ ಶಾಂತಿಯನ್ನು ಹಾರೈಸಿದಾಗ ಅವರ ಕೈಗಳಲ್ಲಿ ಮೊಳೆಯ ಗಾಯಗಳು ಇನ್ನೂ ಇದ್ದವು. ಶಾಂತಿ ಎಂದೂ ಅಗ್ಗದ ವಸ್ತುವಲ್ಲ. ಈ ಪಾಸ್ಖ ಕಾಲದಲ್ಲಿ ಅದನ್ನು ಅರಿತಿದ್ದ ಸ್ಕಾಟ್ಲೆಂಡಿನ ಕಥೋಲಿಕ ರಾಜಕಾರಣಿಯೊಬ್ಬರನ್ನು ನೆನೆಯೋಣ.

ಮೈಕೇಲ್ ಆಂಕ್ರಮ್ 1945ರ ಜುಲೈ 7ರಂದು ಲೋಥಿಯನ್ ಮಾರ್ಕ್ವಿಸರ ಹಳೆಯ ಶ್ರೀಮಂತ ಮನೆತನದಲ್ಲಿ ಜನಿಸಿದರು. ಬೆನೆಡಿಕ್ಟನ್ ಸನ್ಯಾಸಿಗಳು ನಡೆಸುತ್ತಿದ್ದ ಆಂಪಲ್‌ಫರ್ತ್ ಶಾಲೆಯಲ್ಲಿ ಕಲಿತು, ಮುಂದೆ ವಕೀಲರಾದರು. ರಾಜಕೀಯದಲ್ಲಿ ಅವರಿಗೆ ಮನೆತನದ ಹೆಸರು ಗೆಲುವಿನ ಭರವಸೆಯಾಗಲಿಲ್ಲ. 1974ರ ಫೆಬ್ರವರಿಯಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಸಂಸತ್ತಿಗೆ ಗೆದ್ದವರು ಅದೇ ಅಕ್ಟೋಬರಿನಲ್ಲಿ ಸೋತರು. 1979ರಲ್ಲಿ ದಕ್ಷಿಣ ಎಡಿನ್‌ಬರೋದಲ್ಲಿ, ಮುಂದೆ ಪ್ರಧಾನಿಯಾದ ಗಾರ್ಡನ್ ಬ್ರೌನ್‌ರನ್ನು ಸೋಲಿಸಿದರು. 1987ರಲ್ಲಿ ತಾವೇ ಸೋತರು. 1992ರಲ್ಲಿ ಇಂಗ್ಲೆಂಡಿನ ಡಿವೈಜಸ್ ಕ್ಷೇತ್ರದಿಂದ ಮರಳಿ ಬಂದರು.

1993ರಲ್ಲಿ ಅವರು ಉತ್ತರ ಐರ್ಲೆಂಡಿನ ಹೊಣೆ ಹೊತ್ತ ಮಂತ್ರಿಗಳಲ್ಲಿ ಒಬ್ಬರಾದರು. ಅಲ್ಲಿ ಬ್ರಿಟನ್ನಿನೊಂದಿಗೇ ಇರಬೇಕೆಂಬ ಪ್ರೊಟೆಸ್ಟೆಂಟರಿಗೂ ಐರ್ಲೆಂಡನ್ನು ಸೇರಬೇಕೆಂಬ ಕಥೋಲಿಕರಿಗೂ ನಡೆದ ಕಲಹ ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಕೊಂದವರೂ ಸತ್ತವರೂ ಒಬ್ಬನೇ ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದವರು! 1984ರಲ್ಲಿ ಬ್ರೈಟನ್ ನಗರದಲ್ಲಿ ಆಂಕ್ರಮ್‌ರ ಪಕ್ಷದ ಸಮ್ಮೇಳನದ ವೇಳೆ ಐ.ಆರ್.ಎ. ಇಟ್ಟ ಬಾಂಬಿಗೆ ಐವರು ಬಲಿಯಾಗಿದ್ದರು.

ಅದೇ ಐ.ಆರ್.ಎ. 1994ರ ಆಗಸ್ಟ್ 31ರಂದು ಕದನವಿರಾಮ ಘೋಷಿಸಿತು. 1995ರ ಮೇ 10ರಂದು ಸ್ಟಾರ್ಮಂಟ್‌ನಲ್ಲಿ ಆಂಕ್ರಮ್, ಅದರ ರಾಜಕೀಯ ಅಂಗವಾದ ಶಿನ್ ಫೇನ್‌ನ ಮಾರ್ಟಿನ್ ಮೆಗಿನಿಸ್ ಅವರೊಂದಿಗೆ ಮಾತಿಗೆ ಕುಳಿತರು. ಬ್ರಿಟಿಷ್ ಮಂತ್ರಿಯೊಬ್ಬರು ಆ ಪಕ್ಷವನ್ನು ಹೀಗೆ ಬಹಿರಂಗವಾಗಿ ಭೇಟಿಯಾಗಿ ದಶಕಗಳೇ ಕಳೆದಿದ್ದವು. ಸ್ವಪಕ್ಷೀಯರ ರಕ್ತ ಚೆಲ್ಲಿದವರ ಕಡೆಯವರೊಂದಿಗೆ ಮಾತನಾಡುವುದು ಸುಲಭವೇ? 1996ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮತ್ತೆ ಬಾಂಬು ಸಿಡಿದು ಇಬ್ಬರು ಸತ್ತರು. ಎಲ್ಲವೂ ವ್ಯರ್ಥವೆಂದು ತೋರಿತು. ಆದರೂ ಆ ಜೂನ್‌ನಲ್ಲಿ ಸರ್ವಪಕ್ಷ ಮಾತುಕತೆ ಶುರುವಾಯಿತು; ಶಿನ್ ಫೇನ್ ಮಾತ್ರ ಆಗ ಹೊರಗಿತ್ತು.

1997ರ ಮೇ ತಿಂಗಳಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು. 1998ರ ಏಪ್ರಿಲ್ 10ರಂದು, ಶುಭ ಶುಕ್ರವಾರದ ದಿನವೇ, ಶಾಂತಿ ಒಪ್ಪಂದವಾಯಿತು. ಕೀರ್ತಿ ಟೋನಿ ಬ್ಲೇರ್ ಮೊದಲಾದವರಿಗೆ ಸಂದಿತು. ಆ ವರ್ಷದ ನೊಬೆಲ್ ಶಾಂತಿ ಪುರಸ್ಕಾರ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರಿಗೆ ದೊರೆಯಿತು. ಹೊಲ ಉತ್ತವರಲ್ಲಿ ಒಬ್ಬರಾದ ಆಂಕ್ರಮ್ ಸುಗ್ಗಿಯ ಹೊತ್ತಿಗೆ ವಿರೋಧ ಪಕ್ಷದ ಬೆಂಚಿನಲ್ಲಿದ್ದರು.

ಒಪ್ಪಂದದ ಬೆಲೆಯೂ ಕಹಿಯಾಗಿತ್ತು. ಕೊಲೆಗಾರರೂ ಎರಡು ವರ್ಷಗಳಲ್ಲಿ ಸೆರೆಯಿಂದ ಹೊರಬಂದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಗಾಯ ಅಷ್ಟಕ್ಕೇ ಮಾಯುವುದಿಲ್ಲ. ಆದರೆ ಇನ್ನೆಷ್ಟೋ ತಾಯಂದಿರು ಆ ಗಾಯದಿಂದ ಪಾರಾದರು.

2001ರಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿ ಸೋತ ಅವರು, ಗೆದ್ದವರ ಕೈಕೆಳಗೆ ಉಪನಾಯಕರಾಗಿ ದುಡಿದರು. 2004ರಲ್ಲಿ ತಂದೆಯ ನಂತರ ಹದಿಮೂರನೆಯ ಮಾರ್ಕ್ವಿಸ್ ಆದರು. 2024ರ ಅಕ್ಟೋಬರ್ 1ರಂದು, 79ನೆಯ ವಯಸ್ಸಿನಲ್ಲಿ, ನಿಧನರಾದರು.

ನಮ್ಮ ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಮಾತು ಬಿಟ್ಟವರು ಎಷ್ಟು ಮಂದಿ! ಒಂದೇ ಪೀಠದ ಮುಂದೆ ಪ್ರಸಾದ ಸ್ವೀಕರಿಸಿ, ಬಾಗಿಲಾಚೆ ಮುಖ ತಿರುಗಿಸುತ್ತೇವೆ. ಮೊದಲ ಮಾತು ಆಡುವವರು ಯಾರು? ಫಲ ನಮ್ಮ ಕಣ್ಣೆದುರೇ ಕಾಣಬೇಕೆಂದಿಲ್ಲ. ಬೀಜ ಬಿತ್ತೋಣ, ಬೆಳೆಸುವವನು ದೇವರು.